ಹನ್ನೆರಡು ವರ್ಷ ಹಿಂದ ಕೂತವರು

ಗಾಡಿ ಕಲಿಸೋರ ಬಾಳೇ ಹಿಂಗ, ವಾರಕ್ಕ ಒಂದಾದ್ರೂ ನಗಿಪಾಟಲು ಆಗೇ ಆಗ್ತೈತಿ. ಅದೂ ಕಟ್ಟಿಕೊಂಡ ಗಂಡಗ ಕಲಿಸೋದಂದ್ರ ಕೇಳೋದೇ ಬ್ಯಾಡ.

ನಮ್ಮಪ್ಪಂದು ಕಲಬುರ್ಗ್ಯಾಗ ಗ್ಯಾರೇಜ್ ಇತ್ತು. ಹಂಗಾಗಿ ನನಗ ಮೋಟಾರ್‌ಸೈಕಲ್ ಕಾಲೇಜಿನ ದಿನದಿಂದ ಬರ್ತೈತಿ. ನಮ್ಮನಿಯವ್ರಿಗೆ ಸೈಕಲ್ಲೂ ಅಷ್ಟಕ್ಕಷ್ಟೇ. ಇವರು ಹೈದರಾಬಾದಿನ ಕೋಠಿಯ ಒಂದು ಸೀರಿ ಅಂಗಡ್ಯಾಗ ಸೇಲ್ಸ್‌ಮನ್, ನಾ ಹಿಮಾಯತ್‌ನಗರದ ಲ್ಯಾಬಿನ್ಯಾಗ ರಕ್ತ ತೆಗಿಯಾಕಿ. ಮದುವಿ ಆಗಿ ನಾ ಇಲ್ಲಿಗೆ ಬಂದು ಹನ್ನೆರಡು ವರ್ಷ ಆತು. ದಿನಾ ಇವರನ್ನ ಹಿಂದ ಕೂಡಿಸಿಕೊಂಡು ಹೋಗಿ ಅಂಗಡಿಗೆ ಬಿಡೋದು ನನ್ನ ಕೆಲಸ.

ಈಗ ಇವರ ಅಂಗಡಿ ಸಾವ್ಕಾರ್ರು ಊರ ಆಚೆ ತುದಿಯ ಮಣಿಕೊಂಡದಾಗ ಎರಡನೇ ಅಂಗಡಿ ತೆಗದ್ರು. ಇವರನ್ನ ಕರದು, "ನಿನ್ನನ್ನೇ ಮ್ಯಾನೇಜರ್ ಮಾಡ್ತೀನಿ. ಆದ್ರ ಇಲ್ಲಿಂದ ಅಲ್ಲಿಗೆ ದಿನಾ ಸೀರಿ ಗಂಟು ಒಯ್ಯಬೇಕು. ಹೆಂಡ್ತಿ ಹಿಂದ ಕೂತು ಬರೋ ಮ್ಯಾನೇಜರ್ ನನಗ ಬ್ಯಾಡ. ದಸರಾದೊಳಗ ಗಾಡಿ ಕಲತು ತೋರಿಸು" ಅಂದ್ರು. ಇಲ್ಲಾಂದ್ರ ಆ ಕುರ್ಚಿ ಅವರ ಅಳಿಯಗ. ಆ ಅಳಿಯಗ ಸೀರಿ ಮಡಚಾಕೂ ಬರೂದಿಲ್ಲ. ಇವರು ಹದಿನೆಂಟು ವರ್ಷ ಅಲ್ಲಿ ನಿಂತು ನಿಂತು ಕಾಲು ಸವೆಸ್ಯಾರ. ಕುರ್ಚಿ ಇವರಿಗೇ ಸಿಗಬೇಕು ಅಂತ ಇವರಿಗಿಂತ ನನಗ ಹೆಚ್ಚು ಹಠ.

ಮೊದಲನೇ ಪಾಠ

ಐತವಾರ ಮುಂಜಾನೆ ಮಣಿಕೊಂಡದ ಆಚೆ ಒಂದು ಖಾಲಿ ಲೇಔಟಿಗೆ ಕರಕೊಂಡು ಹೋದೆ. ಗಾಡಿ ನಿಲ್ಲಿಸಿ, ಇಬ್ಬರೂ ಇಳದು, "ಹೂಂ, ಕೂಡ್ರಿ" ಅಂದೆ.

ಕೂತ್ರು. ಹಿಂದಿನ ಸೀಟಿನ್ಯಾಗ. ಚೀಲ ತೊಡಿ ಮ್ಯಾಲ ಇಟ್ಟುಕೊಂಡು ನನ್ನ ದಾರಿ ಕಾಯಾಕತ್ರು.

"ಮುಂದ ಸರೀರಿ."

ಒಂದು ಗೇಣು ಸರದ್ರು.

"ಇನ್ನೂ ಮುಂದ. ಹ್ಯಾಂಡಲ್ ಹತ್ರ."

"ಅಲ್ಲಿ ನಾ ಕೂತ್ರ ನೀ ಎಲ್ಲಿ ಕೂಡ್ತಿ?" ಅಂತ ಖರೇನ ಚಿಂತಿಲೇ ಕೇಳಿದ್ರು.

ಉಸುಕಿನ ಗುಂಪಿ

ಎರಡನೇ ವಾರ ಗಾಡಿ ಒಂದೀಟು ಮುಂದ ಹೋಗಾಕತ್ತಿತು. ನಾ ಹಿಂದ ಕೂತಿದ್ದೆ. ರಸ್ತಾದ ತುದಿಗೆ ಮನಿ ಕಟ್ಟೋರು ಉಸುಕಿನ ಗುಂಪಿ ಹಾಕಿದ್ರು.

"ಎದುರಿಗೆ ಉಸುಕು ಐತಿ, ಬ್ರೇಕ್ ಹಾಕು" ಅಂದ್ರು ಇವರು.

"ನಾ ಎಲ್ಲಿಂದ ಹಾಕ್ಲಿರಿ? ಬ್ರೇಕ್ ನಿಮ್ಮ ಕಾಲಾಗ ಐತಿ."

"ಅಯ್ಯ, ಹತ್ರ ಬಂತು, ಲಗೂನ ಹಾಕು" ಅಂತ ನನಗ ಬೈಕೋತ ಬೈಕೋತ ಸೀದಾ ಗುಂಪಿ ಹತ್ತಿಸಿದ್ರು. ಇಬ್ಬರೂ ಉಸುಕಿನ್ಯಾಗ ಕೂತಿದ್ವಿ. ಪೆಟ್ಟು ಏನೂ ಆಗಲಿಲ್ಲ, ಮಾನ ಒಂದು ಹೋತು.

ಅಲ್ಲಿ ಕೆಲಸ ಮಾಡೋ ರಾಯಚೂರು ಕಡೆಯ ಮೇಸ್ತ್ರಿ ಬಂದು ಗಾಡಿ ಎತ್ತಿದ. ಮುಂದಿನ ಐತವಾರ ಹೋದಾಗ ಗುಂಪಿ ಪಕ್ಕ ಇನ್ನೊಂದು ಸಣ್ಣ ಗುಂಪಿ ಇತ್ತು.

"ಅಣ್ಣಾರ, ದೊಡ್ಡದು ಮಾಲಕರ ಮನಿಗೆ. ಇದು ನಿಮಗಂತನ ಹಾಕೀನ್ರಿ" ಅಂದ.

ಗಿರಾಕಿ ಮೊದಲು

ಕ್ಲಚ್ ಬಿಡೋದು ಮಾತ್ರ ಇವರಿಗೆ ಲಗೂನ ಬಂತು. ರೇಷ್ಮಿ ಸೀರಿ ಗಿರಾಕಿ ಮುಂದ ಬಿಚ್ಚಿದಂಗ ಮೆಲ್ಲಗ ಬಿಡ್ರಿ ಅಂದಿದ್ದೆ, ಅಷ್ಟೇ ಸಾಕಾತು. ಆದ್ರ ಅಂಗಡಿ ಗುಣ ಅದೊಂದಕ್ಕ ನಿಲ್ಲಲಿಲ್ಲ.

ಹಿಮಾಯತ್‌ನಗರದ ಯೂ ಟರ್ನಿನ್ಯಾಗ ಗಾಡಿ ನಿಲ್ಲಿಸಿ, ಎದುರು ಬಂದವರಿಗೆಲ್ಲಾ ಕೈ ಮಾಡಿ, "ರಂಡಿ ರಂಡಿ, ಆಯಿಯೇ" ಅಂತ ಅಂಗಡಿಗೆ ಗಿರಾಕಿ ಕರದಂಗ ತೆಲುಗು, ಹಿಂದಿ ಎರಡರಾಗೂ ಬರ್ರಿ ಬರ್ರಿ ಅಂದು ದಾರಿ ಬಿಡಾಕತ್ರು. ಆಟೋ ಹೋದವು, ಬಸ್ ಹೋದವು, ನೀರಿನ ಟ್ಯಾಂಕರ್ ಹೋತು. ಒಬ್ಬ ಅಜ್ಜಿ ಎರಡು ಸರ್ತಿ ರಸ್ತಾ ದಾಟಿದ್ಳು.

"ನಾವು ಯಾವಾಗ ಹೋಗೋದ್ರಿ?"

"ರಶ್ ಕಮ್ಮಿ ಆಗಲಿ ತಡಿ."

ಹೈದರಾಬಾದಿನ್ಯಾಗ ರಶ್ ಕಮ್ಮಿ ಆಗೋದು ನೋಡಾಕ ನಮ್ಮ ಮೊಮ್ಮಕ್ಕಳು ಹುಟ್ಟಬೇಕಾಗಿತ್ತು. ನಾನೇ ಇಳದು, ಕೈ ಅಡ್ಡ ಹಿಡದು, ನನ್ನ ಗಂಡನ್ನ ತಿರುಗಿಸಿಕೊಂಡೆ.

ಸಾವ್ಕಾರ್ರ ಪರೀಕ್ಷಾ

ಅಂತೂ ಲೈಸೆನ್ಸ್ ಕೈಗೆ ಬಂತು. ದಸರಾಕ್ಕ ನಾಕು ದಿನ ಇತ್ತು. ಸಾವ್ಕಾರ್ರು ಧೋತ್ರ ಎತ್ತಿ ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು, "ನಡಿ, ಒಂದು ರೌಂಡ್ ಕರಕೊಂಡು ಹೋಗು" ಅಂತ ತಾವೇ ಹಿಂದ ಕೂತ್ರು. ಇವರ ಮುಖ ಬಿಳೀ ಅರಿವಿ ಆಗಿತ್ತು. ಹತ್ತು ನಿಮಿಷ ಅಂದವರು ಮುಕ್ಕಾಲು ತಾಸಾದ್ರೂ ಬರಲಿಲ್ಲ. ಅಳಿಯ ಆ ಕಡೆ ನಗಾಕತ್ತಿದ್ದ. ನಾ ಅಂಗಡಿ ಬಾಗಲಾಗ ನಿಂತು ರಸ್ತಾ ನೋಡಾಕತ್ತಿದ್ದೆ.

ಕಡೀಗೆ ಗಾಡಿ ಬಂತು. ಸಾವ್ಕಾರ್ರು ಎರಡೂ ಕೈಲೆ ಇವರ ಸೊಂಟ ತಬ್ಬಿಕೊಂಡಿದ್ರು. ಇಳದು, ಧೋತ್ರ ಸರಿ ಮಾಡಿಕೊಂಡು, ಗಲ್ಲಾದಿಂದ ಹೊಸ ಅಂಗಡಿ ಬೀಗದ ಕೈ ತಂದು ಇವರ ಅಂಗೈಯಾಗ ಇಟ್ರು.

"ಎದುರು ಬಂದವರಿಗೆಲ್ಲಾ ದಾರಿ ಬಿಡ್ತಾನ, ತಗ್ಗು ಬಂದ್ರ ಮೊದಲೇ ಹೇಳ್ತಾನ, ತಿರುವು ಬಂದ್ರ ಮೊದಲೇ ಹೇಳ್ತಾನ. ಹಿಂದ ಕೂತವನ ಜೀವ ಹೆಂಗಿರ್ತೈತಿ ಅಂತ ಇವನೊಬ್ಬಗ ಗೊತ್ತೈತಿ. ಮಣಿಕೊಂಡ ಇನ್ನ ನಿಂದು."

ಇವರು ಕಣ್ಣು ಒರಸಿಕೊಂಡ್ರು. ನನಗೂ ಭಾಳ ಸಂತೋಷ ಆತು.

ಆಮ್ಯಾಲ ಸಾವ್ಕಾರ್ರು ನನ್ನನ್ನ ಸೀರಿ ಕಪಾಟಿನ ಹಿಂದ ಕರದ್ರು. ಆ ಕಡೆ ಈ ಕಡೆ ನೋಡಿ, ಸಣ್ಣ ದನಿಲೆ ಅಂದ್ರು: "ತಂಗಿ, ನಾ ಮೂವತ್ತು ವರ್ಷದಿಂದ ಆಟೋದಾಗ ಬರಾಕತ್ತೀನಿ. ಇವಗ ಕಲಿಸಿದಿ ಅಂದ್ಮ್ಯಾಲ ನೀ ಯಾರಿಗಾದ್ರೂ ಕಲಿಸ್ತಿ. ಐತವಾರ ಎಷ್ಟು ಗಂಟೆಗೆ ಬರ್ಲಿ?"