ತಾಂಡೂರಿನ ಬೇಳೆ ಅಂಗಡಿಯಲ್ಲಿ ನನ್ನ ಸಂಶೋಧನಾ ಪ್ರಸ್ತಾವ

‘ನನಗೆ ಗೊತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳುವುದು ಮೇಷ್ಟ್ರಾದವನಿಗೆ ಬಹಳ ಕಷ್ಟ. ಹುಡುಗರು ಏನಾದರೂ ಕೇಳಿದರೆ ‘ಅದು ಮುಂದಿನ ಪಾಠದಲ್ಲಿ ಬರುತ್ತದೆ’ ಎನ್ನುತ್ತೇವೆ. ದೇವರ ದಯೆಯಿಂದ ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆದರೆ ಸಂಶೋಧನಾ ಪ್ರಸ್ತಾವ ಎಂಬುದೊಂದಿದೆ ನೋಡಿ, ಅಲ್ಲಿ ನಮಗೆ ಏನೇನು ಗೊತ್ತಿಲ್ಲ ಎಂಬುದನ್ನು ಆಧಾರಸಮೇತ ಟೈಪು ಮಾಡಿಸಿ, ನಮಗಿಂತ ಹೆಚ್ಚು ಗೊತ್ತಿರುವವರ ಎದುರು ನಿಂತು ಓದಬೇಕು. ಜಹೀರಾಬಾದಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಂಡು ಹಾಯಾಗಿದ್ದ ನಾನು ಈ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಏಕೆ ಹೆಸರು ಹಚ್ಚಿದೆ ಎಂಬುದಕ್ಕೆ ಬೇರೆ ಬೇರೆ ಕಾರಣಗಳಿವೆ. ಕೇಳಿದವರ ಮುಖ ನೋಡಿ ಒಂದನ್ನು ಹೇಳುತ್ತೇನೆ.

ಮೊದಲ ಪ್ರಸ್ತಾವಕ್ಕೆ ನಾನಿಟ್ಟ ಹೆಸರು ‘ಗಡಿಭಾಗದ ವ್ಯಾಪಾರ, ಭಾಷೆ, ಇತಿಹಾಸ ಮತ್ತು ಸಂಸ್ಕೃತಿ: ಒಂದು ಸಮಗ್ರ ಅಧ್ಯಯನ’. ವಿಶ್ವವಿದ್ಯಾಲಯದ ಸಮಿತಿ ಅದನ್ನು ಓದದೆ ಹಿಂದಕ್ಕೆ ಕಳಿಸಿತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಓದಿಯೇ ಕಳಿಸಿತು ಎಂಬುದು ಹೆಚ್ಚು ಸಂಭವನೀಯ. ನನ್ನ ಮಾರ್ಗದರ್ಶಕಿ ಬೀದರ ಕಡೆಯವರು, ಈಗ ಹೈದರಾಬಾದಿನಲ್ಲಿರುವ ಪ್ರೊಫೆಸರ್. ಅವರು ಫೋನು ಮಾಡಿ, “ಇದು ಒಂದು ಜನ್ಮಕ್ಕ ಮುಗಿಯೋದಲ್ರಿ. ಮುಂದ ನಿಮ್ಮ ಮೊಮ್ಮಕ್ಕಳು ಪಿಎಚ್.ಡಿ. ಮಾಡೋರಿದ್ರ ಅವ್ರಿಗೂ ಒಂಚೂರು ಬಿಡ್ರಿ” ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, “ಪ್ರಶ್ನೆ ಒಂದೇ ಇರ್ಲಿ. ಸಣ್ಣದಿರ್ಲಿ. ಉತ್ತರ ನೀವು ಅನ್ಕೊಂಡಂಗ ಬರ್ಲಿಕ್ಕಿಲ್ಲ ಅನ್ನೋ ಅಂಜಿಕಿನೂ ಇರ್ಲಿ” ಎಂದರು. ಎರಡನೆಯ ಸಲವೂ ತಿರುಗಿ ಬಂದರೆ ನೋಂದಣಿಯೇ ರದ್ದು ಎಂಬ ಮಾತನ್ನು ಕೊನೆಗೆ ಉಪ್ಪಿನಕಾಯಿಯಂತೆ ಬಡಿಸಿದರು. ನನ್ನ ಅಂಜಿಕೆಗೆ ಅದಕ್ಕಿಂತ ದೊಡ್ಡ ಕಾರಣವಿತ್ತು. ನಾರಾಯಣಖೇಡದಲ್ಲಿರುವ ನನ್ನ ಅಕ್ಕ, ಮಹಾನಂದಕ್ಕ, ತನ್ನ ಮಗಳ ಮದುವೆ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ಆಗಲೇ ‘ಡಾ.’ ಅಚ್ಚು ಹಾಕಿಸಿ, ಕಲ್ಹೇರಿನ ಬೀಗರಿಗೆಲ್ಲ ಹಂಚಿಬಿಟ್ಟಿದ್ದಳು.

ಸೋಸಿ ಸೋಸಿ ಕೊನೆಗೊಂದು ಪ್ರಶ್ನೆ ಉಳಿಯಿತು: ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಓಣಿಯಲ್ಲಿ ಉರ್ದು ಆಡುವ ನಮ್ಮ ಜನ ಚೌಕಾಶಿಯನ್ನು ಯಾವ ಭಾಷೆಯಲ್ಲಿ ಮಾಡುತ್ತಾರೆ? ಮೇಡಂ ಮೆಚ್ಚಿದರು. ಈ ವಿಷಯ ನಿಮಗೇ ಏಕೆ ಹೊಳೆಯಿತು ಎಂಬುದಕ್ಕೊಂದು ಹಿನ್ನೆಲೆ ಬರೆಯಿರಿ ಎಂದರು. ಬರೆದೆ. ಚಿಕ್ಕಂದಿನ ಕಲ್ಹೇರಿನ ಸಂತೆ, ಅಜ್ಜಿಯ ಸೆರಗು ಹಿಡಿದ ನಾನು, ಗಡಿಗೆಯನ್ನು ಬೆರಳಲ್ಲಿ ಬಡಿಯುತ್ತ ಮೂರು ಭಾಷೆಯಲ್ಲಿ ದರ ಇಳಿಸುತ್ತಿರುವ ಅಜ್ಜಿ. ಬರೆಯುತ್ತ ನನ್ನ ಕಣ್ಣೇ ತುಂಬಿ ಬಂತು. ಮಹಾನಂದಕ್ಕನಿಗೆ ಓದಿ ಹೇಳಿದೆ.

“ಯಾವ ಅಜ್ಜಿ?” ಎಂದಳು.

“ನಮ್ಮ ಅಜ್ಜಿ.”

“ಆಕಿ ಸಂತಿಗಿ ಯಾವಾಗ ಹೋಗ್ಯಾಳೋ ತಮ್ಮಾ? ಸಂತಿ ಮಾಡೋದೆಲ್ಲ ಅಜ್ಜಂದು. ಅಂವ ಕೇಳಿದಷ್ಟು ಕೊಟ್ಟು ಬರ್ತಿದ್ದ, ಈಕಿ ಮನ್ಯಾಗ ಕುಂತು ಬೈತಿದ್ಲು. ಅದೂ ಒಂದೇ ಭಾಷಾದಾಗ.”

ಹಾಗಾದರೆ ಆ ಗಡಿಗೆ, ಆ ಬೆರಳು? ಗೊತ್ತಿಲ್ಲ. ಅರ್ಜಿ ಹಾಕುವವನ ನೆನಪು ಅರ್ಜಿಗೆ ಎಷ್ಟು ಬೇಕೋ ಅಷ್ಟು, ಬೇಕಾದ ಅಳತೆಗೆ ಹೊಲಿದುಕೊಂಡು ಬರುತ್ತದೆ. ಅಕ್ಕನ ನೆನಪನ್ನು ಮಾತ್ರ ಏಕೆ ನಂಬಬೇಕು ಎಂಬ ಪ್ರಶ್ನೆಯೂ ಇದೆ. ಆದರೆ ಅಕ್ಕನಿಗೆ ಅದನ್ನು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಅಜ್ಜಿಯನ್ನು ಪ್ರಸ್ತಾವದಿಂದ ತೆಗೆದೆ. ಪುಟ ಬಡವಾಯಿತು.

ನೆನಪು ಬೇಡ, ಪುರಾವೆ ತನ್ನಿ ಎಂದರು ಮೇಡಂ. ಸರಿ, ತಾಂಡೂರಿಗೆ ಹೋದೆ. ಅದು ನನ್ನ ಹೆಂಡತಿ ಗಿರಿಜೆಯ ತವರು. ಅವಳ ಚಿಕ್ಕಪ್ಪ ಬಸಣ್ಣ ಕಾಕಾ ಅಲ್ಲಿ ತೊಗರಿಬೇಳೆ ವ್ಯಾಪಾರ ಮಾಡುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಗಂಭೀರವಾಗಿ ಕೇಳಿದೆ: ಕಾಕಾ, ಇಲ್ಲಿ ದರದ ಮಾತು ಯಾವ ಭಾಷೆಯಲ್ಲಿ ಆಗುತ್ತದೆ?

“ಕನ್ನಡರೀ ಅಳಿಯಂದ್ರೆ. ನಮ್ಮಪ್ಪನ ಕಾಲದಿಂದ ಕನ್ನಡನೇ.”

ಪಕ್ಕದ ಅಂಗಡಿಯಲ್ಲೂ ಕನ್ನಡ. ಎದುರಿನ ಬಂಡೆಗಲ್ಲಿನ ವ್ಯಾಪಾರಿಯೂ ಕನ್ನಡ ಎಂದ. ತಾಂಡೂರಿನ ಪೇಟೆಯೆಲ್ಲ ಕನ್ನಡದಲ್ಲೇ ನಡೆಯುತ್ತದೆ ಎಂಬ ಮಹಾಸತ್ಯವನ್ನು ಹೊತ್ತು ಬಂದು ಒಂದು ಅಧ್ಯಾಯದಷ್ಟು ಬರೆದೆ. ಮರುವಾರ, ಅಥವಾ ಅದರ ಮರುವಾರ, ಗಿರಿಜೆಯೊಂದಿಗೆ ಬೇಳೆ ತರಲು ಮತ್ತೆ ಅಲ್ಲಿಗೇ ಹೋಗಿದ್ದೆ. ನನಗಿಂತ ಮುಂಚೆ ಬಂದು ನಿಂತಿದ್ದ ಹೆಣ್ಣುಮಗಳೊಬ್ಬಳು ಕಾಕಾನಿಗೆ ತೆಲುಗಿನಲ್ಲಿ, ನೀವು ತೆಲುಗಿನವರೇ ಏನು ಎಂದು ಕೇಳಿದಳು. ಕಾಕಾ ಕಣ್ಣು ಮಿಟುಕಿಸದೆ ಅಚ್ಚ ತೆಲುಗಿನಲ್ಲಿ, ತಾತನ ಕಾಲದಿಂದಲೂ ತಾಯಿ, ಎಂದರು. ಅವಳ ಹಿಂದೆ ಬಂದ ಸಾಬರೊಡನೆ ಉರ್ದುವಿನಲ್ಲಿ ಎಷ್ಟು ಸಲುಗೆಯಿಂದ ಹರಟಿದರೆಂದರೆ, ಕನ್ನಡ ಎಂಬ ಭಾಷೆಯ ಹೆಸರನ್ನೇ ಅವರು ಕೇಳಿಲ್ಲವೇನೋ ಅನಿಸಿತು.

“ಏನ್ರಿ ಕಾಕಾ, ನನಗ ಕನ್ನಡ ಅಂದಿದ್ರಿ?”

“ನೀವು ಕನ್ನಡದಾಗ ಕೇಳಿದ್ರಲ್ರಿ. ಅಂಗಡಿಗಿ ಬಂದವ್ರಿಗಿ ಅಲ್ಲ ಅನ್ನಾಕ ಬರ್ತದೇನು? ಪಾಪ, ಅಷ್ಟು ದೂರದಿಂದ ಬಂದೀರಿ, ಬರ್ಕೊಳಾಕ ಕುಂತೀರಿ.”

ಗಿರಿಜೆ ಬೇಳೆ ಆರಿಸುತ್ತ ತಲೆಯೆತ್ತದೆ, “ನಮ್ಮ ಕಡಿ ಹಂಗೇ. ಬಂದವ್ರ ಬಾಯಿ ನೋಡೇ ನಾವು ಬಾಯಿ ತೆಗೀತೀವಿ. ಇದಕ್ಕ ಪಿಎಚ್.ಡಿ. ಏನು ಬೇಕಾಗ್ಯದ?” ಎಂದಳು.

ಬರೆದ ಅಧ್ಯಾಯ ಕಸದಬುಟ್ಟಿಗೆ ಹೋಯಿತು. ಸಮಿತಿಯ ದಿನ ಹತ್ತಿರವಿತ್ತು. ಬಸ್ಸಿನಲ್ಲಿ ಜಹೀರಾಬಾದಿಗೆ ಹಿಂದಿರುಗುವಾಗ, ಬೇಳೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆಯನ್ನೇ ತಿರುವಿ ಹಾಕಿದೆ: ಇಬ್ಬರು ಎದುರಾದಾಗ ತನ್ನ ಭಾಷೆಯನ್ನು ಮೊದಲು ಬಿಟ್ಟುಕೊಡುವವನು ಯಾರು, ಮಾರುವವನೋ ಕೊಳ್ಳುವವನೋ? ಬಸ್ಸು ಎಂದೆನೇ? ಗಿರಿಜೆ, ‘ಬಸ್ಸಲ್ಲ, ಅಡುಗೆಮನೆಯಲ್ಲಿ ನಾನೇ ಹೇಳಿಕೊಟ್ಟದ್ದು’ ಎನ್ನುತ್ತಾಳೆ. ಇರಲಿ, ಪ್ರಸ್ತಾವದಲ್ಲಿ ಬಸ್ಸೆಂದೇ ಇದೆ.

ಸಮಿತಿಯಲ್ಲಿ ನಾನು ಚೆನ್ನಾಗಿಯೇ ಓದಿದೆ. ಅಧ್ಯಕ್ಷರು ತೆಲುಗಿನಲ್ಲಿ, ನಿಮ್ಮದು ಮೂಲತಃ ತೆಲುಗು ಮನೆಯೇ ಇರಬೇಕಲ್ಲ ಎಂದರು. ಹೌದು ಸರ್, ಹೆಚ್ಚುಕಡಿಮೆ ಹಾಗೆಯೇ, ಎಂದು ತೆಲುಗಿನಲ್ಲೇ ಹೇಳಿದೆ. ಎರಡನೆಯವರು ದಖನಿ ಉರ್ದುವಿನಲ್ಲಿ, ಮನೆಯಲ್ಲಿ ಉರ್ದು ಚೆನ್ನಾಗಿಯೇ ಓಡಾಡಿರಬೇಕು, ಉಚ್ಚಾರಣೆಯಲ್ಲೇ ತಿಳಿಯುತ್ತದೆ ಎಂದರು. “ಜೀ ಹೌ” ಎಂದೆ. ಮೂಲೆಯಲ್ಲಿದ್ದ ಮೇಡಂ ಅಷ್ಟರಲ್ಲಿ ಕನ್ನಡಕ ತೆಗೆದು ನನ್ನನ್ನೇ ನೋಡತೊಡಗಿದ್ದರು.

“ಮತ್ತ ಕನ್ನಡ?” ಎಂದರು.

“ಅದು ತಾಯಿನುಡೀನೇ ಅಲ್ರೀ ಮೇಡಂ.”

ಯಾರು ಮೊದಲು ನಕ್ಕರೋ ತಿಳಿಯದು. ಅಧ್ಯಕ್ಷರು ಕಣ್ಣೊರೆಸಿಕೊಂಡು ಸಹಿ ಹಾಕಿದರು. “ಪುರಾವಿ ಕಾಗದದಾಗ ತರ್ರಿ ಅಂದ್ರ ಮೈಮ್ಯಾಲ ಹಾಕ್ಕೊಂಡೇ ಬಂದೀರಿ” ಎಂದರು ಮೇಡಂ. ಪ್ರಸ್ತಾವ ಪಾಸಾಯಿತು, ಒಂದೇ ಷರತ್ತಿನ ಮೇಲೆ: ‘ಅಧ್ಯಯನದ ಮಿತಿಗಳು’ ಎಂಬ ತಲೆಬರಹದ ಕೆಳಗೆ ನನ್ನ ಹೆಸರನ್ನು ಸೇರಿಸಬೇಕು. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಅಭ್ಯರ್ಥಿಯು ಅಂಗಡಿಯ ಆಸುಪಾಸಿನಲ್ಲಿ ಇರತಕ್ಕದ್ದಲ್ಲ.

ಹಾಗಾಗಿ ಈಗ ಗಿರಿಜೆ ಅಂಗಡಿಗಳಲ್ಲಿ ಕುಳಿತು ಸುಮ್ಮನೆ ಆಲಿಸುತ್ತಾಳೆ; ನಾನು ದೂರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಸಂಶೋಧನೆ ನಡೆಸುತ್ತೇನೆ. ಮೊನ್ನೆ ಲಾತೂರು ಕಡೆಯ ರುಮಾಲಿನವರೊಬ್ಬರು ಎದುರಿಗೆ ಬಂದು ಕುಳಿತು ಮರಾಠಿಯಲ್ಲಿ ಏನೋ ಕೇಳಿದರು. ನನಗೆ ಮರಾಠಿ ಬರುವುದಿಲ್ಲ. ಹೌದೆನ್ನುವಂತೆ “ಹೋ, ಹೋ” ಎಂದೆ. ಅವರ ಮುಖ ಅರಳಿತು. “ತುಮ್ಹೀ ಮರಾಠೀಚ್ ಕಾ?” ನೀವೂ ಮರಾಠಿಯವರೇ ಏನು, ಎಂದರು. ಅಲ್ಲ ಎನ್ನಲು ಬಾಯಿ ತೆರೆದೆ. ಪಾಪ, ಅಷ್ಟು ದೂರದಿಂದ ಬಂದಿದ್ದರು. ಅವರು ಖುರ್ಚಿ ಹತ್ತಿರಕ್ಕೆಳೆದುಕೊಂಡು ಮುಖ ನೋಡಿದರೆ ಬಹಳ ದುಃಖದ್ದೆನಿಸುವ ಸಂಗತಿಯೊಂದನ್ನು ನಿಧಾನವಾಗಿ ಹೇಳತೊಡಗಿದರು. ನಾನು ಎಲ್ಲೆಲ್ಲಿ ತಲೆಯಾಡಿಸಬೇಕೋ ಅಲ್ಲಲ್ಲಿ ತಲೆಯಾಡಿಸುತ್ತ, ಗಿರಿಜೆ ಬೇಗ ಬರಲಿ ಎಂದು ರಸ್ತೆ ನೋಡುತ್ತ ಕುಳಿತೆ.