ಹನ್ನೆರಡು ಮನೆಯ ಬದನೆಕಾಯಿ

ತೂಕ ಮಾಡಿದ ಮೇಲೆ ಕೊಸರು ಹಾಕದಿದ್ದರೆ ನನ್ನ ಕೈ ತುರಿಸುತ್ತದೆ. ಕೊಸರೆಂದರೆ ಗೊತ್ತಲ್ಲ, ತಕ್ಕಡಿ ಸರಿಯಾದ ಮೇಲೂ ಕೊಳ್ಳುವವರ ಮುಖ ನೋಡಿ ಹಾಕುವ ಎರಡು ಕಾಯಿ. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು. ಕೂಡಿಸುವುದು ಬರುತ್ತದೆ, ಕಳೆಯುವುದನ್ನು ಕಲಿಸುವ ಮೊದಲೇ ಎಮ್ಮೆ ಕಾಯಲು ಕಳಿಸಿದರು. ಅದರ ಮೇಲೆ ಸಂತೋಷವೂ ಆಯಿತೆಂದರೆ ಮುಗಿಯಿತು, ಕೈ ಹಿಡಿತಕ್ಕೆ ಸಿಗುವುದಿಲ್ಲ. ಮೊನ್ನೆಯಂತೂ ಹೊಟ್ಟೆಯಲ್ಲಿ ಹಿಡಿಸದಷ್ಟು ಸಂತೋಷ.

ಕಾರಣ ನಮ್ಮ ಮೊಮ್ಮಗಳು ದಾನು. ಹುನ್ನೂರಿನಲ್ಲಿ ಎತ್ತ ನೋಡಿದರೂ ಕಬ್ಬು. ನಡುವೆ ನಮ್ಮ ಹತ್ತು ಗುಂಟೆ ಕಾಯಿಪಲ್ಲೆ, ಶ್ರೀಮಂತ ಬೀಗರ ಪಂಕ್ತಿಯಲ್ಲಿ ಕೂತ ಬಡ ನೆಂಟನಂತೆ. ಅಲ್ಲಿಯೂ ಕಬ್ಬು ಹಚ್ಚಬೇಕೆಂದು ಯಜಮಾನರ ಹಟ. ದಾನು ಒಪ್ಪಲಿಲ್ಲ. ಮೊಬೈಲಿನಲ್ಲೇ ಜಮಖಂಡಿಯ ಹನ್ನೆರಡು ಮನೆಯವರನ್ನು ಕೂಡಿಸಿ, ನಸುಕಿನಲ್ಲಿ ಗಿಡದಿಂದ ಹರಿದ ಬದನೆಕಾಯಿ ಎಂಟು ಗಂಟೆಗೆ ನಿಮ್ಮ ಬಾಗಿಲಿಗೆ, ನಡುವೆ ದಲಾಲಿ ಇಲ್ಲ, ಎಂದು ಮಾತು ಕೊಟ್ಟಳು.

"ಒಂದ ಮನಿ ತಪ್ಪಿದರೂ ಕಬ್ಬ ಹಚ್ಚಾಂವ ನೋಡವಾ," ಎಂದರು ಅವಳ ಮುತ್ತ್ಯಾ, ಅಂದರೆ ನಮ್ಮ ಯಜಮಾನರು.

"ಹನ್ನೆರಡೂ ಮನಿ ಮುಟ್ಟಿದರ ಹೊಲಾ ನಂದು, ಆತಿಲ್ಲೋ?" ಎಂದಳು ಇವಳು. ಅವರು ಹೂಂ ಅಂದರು.

ಮೊದಲ ದಿನ ಸ್ಕೂಟಿಯ ಮುಂದೆ ಬುಟ್ಟಿ, ಹಿಂದೆ ನಾನು. ಅವಳು ಮೆಂತ್ಯ ಪಲ್ಲೆ ಹಂಚುವುದು, ನಾನು ಬದನೆಕಾಯಿ ತೂಗುವುದು. ಮೊದಲ ಮನೆಯ ಹೆಣ್ಣುಮಗಳು ನಕ್ಕಳು, ಎರಡು ಕಾಯಿ ಹೆಚ್ಚು ಹಾಕಿದೆ. ಎರಡನೆಯ ಮನೆಯಲ್ಲಿ ಸೊಸೆ ಬಸುರಿ; ಆ ಹೊಟ್ಟೆ ನೋಡಿಯೂ ಎರಡೇ ಹಾಕಲು ನನ್ನದೇನು ಕಲ್ಲೆದೆಯೇ? ಮೂರನೆಯ ಮನೆಯಾಕೆ ನನ್ನ ತವರು ಗಲಗಲಿಯವಳೆಂದು ತಿಳಿಯಿತು. ಅಲ್ಲಿ ಎಣಿಸುವುದನ್ನೇ ಬಿಟ್ಟೆ. ಒಂಬತ್ತನೆಯ ಮನೆ ದಾಟುವಾಗ ಬುಟ್ಟಿಯ ತಳ ಕಂಡಿತು. ಇನ್ನೂ ಮೂರು ಮನೆ, ಮೂರು ಕಿಲೋ.

ದಾನು ಫೋನಿನಲ್ಲಿ ದಾರಿ ಕೇಳುತ್ತಿದ್ದಳು. ಎಲೆ ಅಡಿಕೆ ತರುತ್ತೇನೆಂದು ಸುಳ್ಳು ಹೇಳಿ, ಚೀಲ ಹಿಡಿದು ಪೇಟೆಯ ಕಡೆ ಓಡಿದೆ. ಮೊದಲು ಸಿಕ್ಕ ಕಾಯಿಪಲ್ಲೆಯವಳ ಮುಂದೆ ಬದನೆಕಾಯಿ ಥಳಥಳ ಹೊಳೆಯುತ್ತಿದ್ದವು. ಬುಟ್ಟಿಗೆ ಹೊದಿಸಿದ ಸೀರೆಯ ತುಂಡು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಬಗ್ಗಿದರೆ, ಅದರ ಮೇಲೆ ನಾನೇ ಹೊಲಿದ ತೇಪೆ.

"ಎಲ್ಲೀವು ಇವು?" ಎಂದೆ.

"ಹುನ್ನೂರವು ಬೇ ಆಯಿ. ಒಬ್ಬ ಮುತ್ತ್ಯಾ ನಸಿಕಿನ್ಯಾಗ ದಲಾಲಿಗೆ ಹಾಕಿ ಹೋದ. ಮನ್ಯಾಗ ಹೇಳಬ್ಯಾಡ್ರಿ ಅಂದನಂತ."

ಮೊಮ್ಮಗಳ ಮೇಲೆ ನಂಬಿಕೆಯಿಲ್ಲದೆ ನಮ್ಮ ಯಜಮಾನರು ಕತ್ತಲೆಯಲ್ಲೇ ಒಂದು ಪಾಲು ಹರಿದು ಸಾಗಿಸಿದ್ದರು. ನನ್ನ ಹೊಲದ ಕಾಯಿಗೆ ನಾನೇ ಚೌಕಾಸಿ ಮಾಡಿ, ಬುಟ್ಟಿಯಲ್ಲಿದ್ದಷ್ಟನ್ನೂ ತೂಗಿಸಿದೆ. ಸರಿಯಾಗಿ ಮೂರು ಕಿಲೋ. ಕೊಸರು ಕೇಳಿದರೆ ಅವಳು ಬರೀ ಬುಟ್ಟಿ ಬೋರಲು ಹಾಕಿ ತೋರಿಸಿ, ಆ ಸೀರೆಯ ತುಂಡನ್ನೇ ಕೈಗಿಟ್ಟಳು. ಉಳಿದ ಮೂರು ಮನೆಗೆ ನಾನೂ ಒಂದು ಕಾಯಿ ಹೆಚ್ಚು ಹಾಕಲಿಲ್ಲ. ಕೊಂಡ ಮಾಲು ನೋಡಿ, ಕೈ ತಾನೇ ಬಿಗಿಯಾಯಿತು.

ಮನೆಗೆ ಬಂದು ಆ ಸೀರೆಯ ತುಂಡನ್ನು ಯಜಮಾನರ ಮುಂದೆ ಹಾಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ನೀ ಪೇಟೆಗೆ ಯಾಕೆ ಹೋಗಿದ್ದೆ ಎಂದು ಮೆಲ್ಲಗೆ ಕೇಳಿದರು. ದಾನುಗೆ ಏನೂ ಹೇಳುವುದು ಬೇಡವೆಂದು ಇಬ್ಬರೂ ಒಪ್ಪಿದೆವು. ಇಷ್ಟು ವರ್ಷದ ಸಂಸಾರದಲ್ಲಿ ನಾವು ಅಷ್ಟು ಬೇಗ ಒಂದಾದದ್ದು ಅದೇ ಮೊದಲು.

ಸಂಜೆ ದಾನು ಕುಣಿಯುತ್ತ ಬಂದಳು. ಹನ್ನೆರಡೂ ಮನೆಯವರು ಮುಂದಿನ ವಾರಕ್ಕೂ ಹೇಳಿದ್ದರು. ಮುತ್ತ್ಯಾ ಒಪ್ಪಿದಂತೆ ಹೊಲ ಬಿಟ್ಟುಕೊಟ್ಟರು. ನನಗೆ ಎಲ್ಲರಿಗೂ ಕೇಳುವಂತೆ ಕೂಗಬೇಕೆನ್ನಿಸುವಷ್ಟು ಸಂತೋಷ. ಆಗ ಅವಳು ಹನ್ನೆರಡನೆಯ ಮನೆಯಾಕೆ ಬರೆದದ್ದನ್ನು ಓದಿದಳು: "ಇಂಥಾ ಬದನಿಕಾಯಿ ಇವತ್ತ ಪ್ಯಾಟ್ಯಾಗ ಹುಡಿಕಿದರೂ ಒಂದ ಸಿಗತಿದ್ದಿಲ್ಲ."

ಯಜಮಾನರಿಗೆ ಕೆಮ್ಮು ಬಂತು. ನಾನು ಮಾತ್ರ ಗಂಭೀರವಾಗಿ ಖರೆ ಖರೆ ಎಂದು ಗೋಣು ಹಾಕಿದೆ. ಎಲ್ಲಿಂದ ಸಿಗಬೇಕು, ಇದ್ದವನ್ನೆಲ್ಲ ನಾನೇ ಕೊಂಡು ತಂದಿದ್ದೆನಲ್ಲ.