ಕಾಫಿ ಕಣದ ಸೈರನ್

ಮಳೆರಾಯ ಇನ್ನು ಮುಂದೆ ನನ್ನ ಅಪ್ಪಣೆಯಿಲ್ಲದೆ ನಮ್ಮ ಕಣಕ್ಕೆ ಕಾಲಿಡಲಾರ ಎಂದು ನಾನು ಘೋಷಿಸಿದ್ದು ಜನವರಿಯ ಒಂದು ಬೆಳಿಗ್ಗೆ, ಕಡುಬು ತಿನ್ನುತ್ತಾ. ಸಭೆಯಲ್ಲಿದ್ದವಳು ಒಬ್ಬಳೇ, ನನ್ನ ಹೆಂಡತಿ ರೂಪಶ್ರೀ.

"ಮೊದಲು ಚಟ್ನಿ ಹಾಕ್ಕೊಳ್ಳಿ," ಎಂದಳು.

ಅವಳ ಚಿಂತೆ ಅವಳಿಗೆ. ಒಂದೊಂದೇ ಹಣ್ಣು ಆರಿಸಿ, ಸಿಪ್ಪೆ ತೆಗೆಸಿ, ತೊಳೆದ ಪಾರ್ಚ್‌ಮೆಂಟ್ ಕಾಫಿ, ಅಂದರೆ ಒಳಪೊರೆ ಉಳಿದ ಬೀಜ, ಅಂಗಳದಾಚೆಯ ಕಣದಲ್ಲಿ ಒಣಗುತ್ತಿತ್ತು. ಚಿಕ್ಕಮಗಳೂರಿನ ಕಾಫಿ ರುಚಿ ಸ್ಪರ್ಧೆಗೆ ಹೋಗಬೇಕಾದ ಸರಕು. ಒಮ್ಮೆ ನೆನೆದರೆ ಬೂಷ್ಟು ಹಿಡಿದು ಸ್ಪರ್ಧೆಗೆ ಎಳ್ಳುನೀರು ಬಿಟ್ಟಂತೆಯೇ. ನಮ್ಮ ಕಳಸದ ಕಡೆ ಅಕಾಲದ ಮಳೆ ಹೇಳಿ ಕೇಳಿ ಬರುವುದಲ್ಲ. ಹಾಗಾಗಿ ಅವಳು ಹಗಲೆಲ್ಲ ಟಾರ್ಪಾಲು ಪಕ್ಕದಲ್ಲಿಟ್ಟುಕೊಂಡು ಕಣ ಕಾಯುತ್ತಿದ್ದಳು.

ನನ್ನ ಬ್ರಹ್ಮಾಸ್ತ್ರವೆಂದರೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಹನಿ ಬಿದ್ದರೆ ಗುರುತಿಸುವ ಸೆನ್ಸರ್, ಒಂದು ಸೈರನ್. ಊಟದ ಮೇಜಿನ ಮೇಲೆ ಪರೀಕ್ಷಿಸಿದಾಗ ಅದು ಕೂಗಿದ ಕೂಗಿಗೆ ಬೆಕ್ಕು ಅಟ್ಟ ಹತ್ತಿತು. ಮಹಾವಿಜಯ!

ಕಣದಲ್ಲಿ ಪ್ಲಗ್ ಇರಲಿಲ್ಲ. ದೀಪಾವಳಿಯ ಸೀರಿಯಲ್ ಸೆಟ್ಟಿನ ವೈರನ್ನೇ ಬಿಚ್ಚಿ, ಮನೆಯೊಳಗಿನ ಮೊಬೈಲ್ ಚಾರ್ಜರ್‌ನಿಂದ ಅಂಗಳ ದಾಟಿಸಿ ಎಳೆದೆ. ಮಗ್ಗಿನಿಂದ ನೀರು ಚಿಮುಕಿಸಿದೆ. "ಕುಂಯ್" ಎಂದು ಸೈರನ್ ಸತ್ತಿತು, ಜೊತೆಗೆ ಬೋರ್ಡೂ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಮತ್ತೆ "ಕುಂಯ್", ಮತ್ತೆ ಸಾವು.

"ಇದಕ್ಕೆ ಎಂತ, ಬಿಕ್ಕಳಿಕೆಯಾ ಮಾರಾಯ್ರೆ?"

"ಸಣ್ಣ ದೋಷ. ನೀನು ಹೋಗಿ ಮಲಗು. ಕಣ ಇನ್ನು ನನ್ನ ಜವಾಬ್ದಾರಿ."

ಪಾಪ, ಎಷ್ಟೋ ದಿನದ ಮೇಲೆ ಮಧ್ಯಾಹ್ನ ಮಲಗಿದಳು. ನಾನು ಸೆನ್ಸರ್ ಬದಲಿಸಿದೆ, ಪ್ರೋಗ್ರಾಮ್ ತಿದ್ದಿದೆ, ಅವಳ ಚಾರ್ಜರನ್ನೂ ಕಿತ್ತು ತಂದು ಹಾಕಿದೆ. ಕುಂಯ್! ಕೊನೆಗೆ ಮೀಟರ್ ಹಿಡಿದೆ. ಮನೆಯ ತುದಿಯಲ್ಲಿ ಸರಿಯಾಗಿ ಐದು ವೋಲ್ಟ್. ಕಣದ ತುದಿಯಲ್ಲಿ, ಸೈರನ್ ಕೂಗಿದ ಕ್ಷಣ, ನಾಲ್ಕಕ್ಕೂ ಕೆಳಗೆ! ಅರ್ಧ ಇಂಚಿನ ಪೈಪಿನಲ್ಲಿ ಸ್ಪ್ರಿಂಕ್ಲರ್ ಓಡಿಸಲು ಹೊರಟಿದ್ದೆ ನಾನು. ತೆಳ್ಳನೆಯ ಉದ್ದನೆಯ ವೈರೇ ದಾರಿಯಲ್ಲಿ ವೋಲ್ಟೇಜನ್ನು ನುಂಗುತ್ತಿತ್ತು.

ಖುಷಿಯಲ್ಲಿ ಮತ್ತೆ ಮತ್ತೆ ಅಳೆದೆ. ಮಗ್ಗಿನ ನೀರು ಮುಗಿದಿತ್ತು, ಆದರೂ ಸೆನ್ಸರ್ ಒದ್ದೆಯಾಗುತ್ತಲೇ ಇತ್ತು. ಅನುಕೂಲವೇ ಆಯಿತೆಂದುಕೊಂಡೆ. ಕನ್ನಡಕದ ಮೇಲಿನ ನೀರು ಒರೆಸಿಕೊಂಡು, ಮನೆಯ ಕಡೆ ತಿರುಗಿ ಕಿರುಚಿದೆ:

"ರೂಪಾ, ಸಿಕ್ತು! ವೋಲ್ಟೇಜ್ ಬೀಳ್ತಾ ಉಂಟು!"

ಅವಳು ಎದ್ದು ಓಡಿಬಂದಳು. ಮೀಟರಿನ ಕಡೆ ಕಣ್ಣೆತ್ತಿಯೂ ನೋಡದೆ ಟಾರ್ಪಾಲಿನ ಒಂದು ತುದಿಯನ್ನು ನನ್ನ ಕೈಗೆ ತುರುಕಿದಳು.

"ಮಳೆ ಬೀಳ್ತಾ ಉಂಟು ಮಾರಾಯ್ರೆ. ಎಳೀರಿ ಬೇಗ."

ನಾವು ಮುಚ್ಚಿ ಮುಗಿಸುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ರೂಪಶ್ರೀ ಟಾರ್ಪಾಲಿನಡಿ ಕೈ ತೂರಿಸಿ ಒಂದು ಹಿಡಿ ಕಾಫಿ ತೆಗೆದು ನೋಡಿದಳು. ಅಲ್ಲಿಯವರೆಗೆ ಬಿದ್ದದ್ದು ನಾಲ್ಕೇ ಹನಿ, ಕಾಳು ಇನ್ನೂ ಗರಿಗರಿಯಾಗಿಯೇ ಇತ್ತು. ನನಗೆ ಹೋದ ಜೀವ ಬಂದಂತಾಯಿತು.

"ನಾಳೆಯೇ ದಪ್ಪ ವೈರ್ ತರ್ತೇನೆ," ಎಂದೆ, ಜಗಲಿಯಲ್ಲಿ ತಲೆ ಒರೆಸಿಕೊಳ್ಳುತ್ತಾ.

"ಬೇಡ ಬಿಡಿ, ಈಗ ಇರೋ ಸೈರನ್ನೇ ಸಾಕು." ಅವಳು ಬಿಸಿ ಕಾಫಿಯ ಲೋಟ ನನ್ನ ಕೈಗಿಟ್ಟಳು. "ಇದಕ್ಕೆ ವೈರೂ ಬೇಡ, ಚಾರ್ಜರೂ ಬೇಡ. ಹೊತ್ತು ಹೊತ್ತಿಗೆ ಊಟ ಹಾಕಿದ್ರೆ ಇಡೀ ಊರಿಗೇ ಕೇಳೋ ಹಾಗೆ ಕೂಗ್ತದೆ."